ಐವತ್ತು ವರ್ಷಕ್ಕೆ ಐದು ಸೆಂಟಿಮೀಟರ್

ಮೊದಲು ಒಂದು ಸಣ್ಣ ಲೆಕ್ಕ. ಅಂಟಾರ್ಕ್ಟಿಕದ ಸಮುದ್ರತಳದಲ್ಲಿ ಲಯೋಥಿರೆಲ್ಲಾ ಊವಾ ಅನ್ನೋ ಒಂದು ಚಿಪ್ಪಿನ ಪ್ರಾಣಿ ಇದೆ. ದೊಡ್ಡದಾಗಿ ಬೆಳೆದರೆ ಅದರ ಉದ್ದ ಹೆಚ್ಚುಕಡಿಮೆ 5 ಸೆಂಟಿಮೀಟರ್. ಬದುಕುವುದು 50 ವರ್ಷಕ್ಕೂ ಹೆಚ್ಚು. ಅಂದ್ರೆ ಸರಾಸರಿ ವರ್ಷಕ್ಕೆ ಒಂದು ಮಿಲಿಮೀಟರ್, ನಮ್ಮ ಒಂದು ಸೆಮಿಸ್ಟರ್‌ಗೆ ಅರ್ಧ ಮಿಲಿಮೀಟರ್. ನಾವು ಮೊದಲ ಇಂಟರ್ನಲ್ಸ್‌ನಿಂದ ಕೊನೇ ಲ್ಯಾಬ್ ಎಕ್ಸಾಮ್ ತನಕ ಓಡಾಡಿ ಸುಸ್ತಾಗುವ ಹೊತ್ತಿಗೆ, ಅದು ವರ್ನಿಯರ್ ಹಿಡಿದರೆ ಮಾತ್ರ ಗೊತ್ತಾಗುವಷ್ಟು ಬೆಳೆದಿರುತ್ತೆ.

ಇದನ್ನ ಯಾಕೆ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಬರೀತಿದ್ದೀವಿ ಅಂತ ನೀವು ಕೇಳಬಹುದು. ನಮ್ಮ ವಾದ ಇಷ್ಟೇ: ಕೆಲವು ಪ್ರಶ್ನೆಗಳಿಗೆ ಒಂದು ಸೆಮಿಸ್ಟರ್‌ನಲ್ಲಿ ಉತ್ತರ ಸಿಗಲ್ಲ. ನಮ್ಮ ಕಾಲೇಜಿನಲ್ಲಿ ಅಂಥ ಪ್ರಶ್ನೆ ಕೇಳೋಕೆ ಜಾಗವೇ ಇಲ್ಲ. ಜಾಗ ಮಾಡಬೇಕು, ಮಾಡಬಹುದು ಕೂಡ. ಅದನ್ನ ಹೇಳೋಕೆ ಈ ಪ್ರಾಣಿಗಿಂತ ಒಳ್ಳೆ ಸಾಕ್ಷಿ ನಮಗೆ ಸಿಗಲಿಲ್ಲ.

ಪುಸ್ತಕದಲ್ಲಿ ಇಲ್ಲದ ಹೆಸರು

ಪಿಯುಸಿಯಲ್ಲಿ ಪಿಸಿಎಂಬಿ ತಗೊಂಡಿದ್ದವರಿಗೆ ಪ್ರಾಣಿಗಳ ವಿಂಗಡಣೆಯ ಆ ಅಧ್ಯಾಯ ನೆನಪಿರಬೇಕು. ಪೊರಿಫೆರಾದಿಂದ ಶುರುವಾಗಿ ಕಾರ್ಡೇಟಾವರೆಗೆ ಹನ್ನೊಂದು ವಂಶಗಳನ್ನ ಬಾಯಿಪಾಠ ಮಾಡಿದ್ದೆವು. ಅದರಲ್ಲಿ ಬ್ರಾಕಿಯೋಪಾಡ್ ಇರಲಿಲ್ಲ. ನೋಡೋಕೆ ಕಪ್ಪೆಚಿಪ್ಪಿನ ಹಾಗೇ ಎರಡು ಚಿಪ್ಪು, ಆದ್ರೆ ಸಂಬಂಧ ಬೇರೆ. ಕಪ್ಪೆಚಿಪ್ಪಿನಲ್ಲಿ ಚಿಪ್ಪುಗಳು ಎಡ ಮತ್ತು ಬಲ. ಇದರಲ್ಲಿ ಬೆನ್ನಿನ ಕಡೆಗೊಂದು, ಹೊಟ್ಟೆ ಕಡೆಗೊಂದು. ಹಿಂಬದಿಯ ತೂತಿನಿಂದ ಒಂದು ತೊಟ್ಟು ಹೊರಗೆ ಬಂದು ಬಂಡೆಗೆ ಅಂಟಿಕೊಳ್ಳುತ್ತೆ. ಒಳಗೆ ಸಣ್ಣ ಸಣ್ಣ ಎಳೆಗಳಿರುವ ಸುರುಳಿಯಂಥ ಅಂಗ ಇದೆ. ಆ ಎಳೆಗಳು ನೀರನ್ನ ಒಳಗೆ ಎಳೆದು ಅದರಲ್ಲಿರೋ ಪಾಚಿ ಕಣಗಳನ್ನ ಸೋಸಿ ತಿನ್ನುತ್ತವೆ. ಒಂದು ಸಲ ಅಂಟಿಕೊಂಡರೆ ಮುಗೀತು, ಜೀವನಪೂರ್ತಿ ಅಲ್ಲೇ.

ಇಂಗ್ಲಿಷ್‌ನಲ್ಲಿ ಇದಕ್ಕೆ ಲ್ಯಾಂಪ್ ಶೆಲ್ ಅಂತಾರೆ, ಹಳೇ ರೋಮನ್ ಎಣ್ಣೆದೀಪದ ಆಕಾರ ಇದೆ ಅಂತ. ಮನೆಯಲ್ಲಿ ಮಣ್ಣಿನ ಹಣತೆ ಹಚ್ಚುವ ನಮಗೆ ರೋಮ್‌ವರೆಗೆ ಹೋಗುವ ಅಗತ್ಯ ಇಲ್ಲ. ಈ ಲೇಖನದ ಮಟ್ಟಿಗೆ 'ಹಣತೆಚಿಪ್ಪು' ಅನ್ನೋಣ. ಇದಕ್ಕಿಂತ ಒಳ್ಳೆ ಹೆಸರು ಹೊಳೆದವರು ನಮಗೆ ತಿಳಿಸಿ.

ಒಂದು ಕಾಲಕ್ಕೆ ಸಮುದ್ರತಳವೆಲ್ಲ ಇವುಗಳದ್ದೇ. 50 ಕೋಟಿ ವರ್ಷಕ್ಕೂ ಹಿಂದಿನ ಕೇಂಬ್ರಿಯನ್ ಕಾಲದಿಂದ ಇವುಗಳ ಪಳೆಯುಳಿಕೆ ಸಿಗುತ್ತೆ. ಇಲ್ಲಿವರೆಗೆ ಹೆಸರಿಟ್ಟ ಪಳೆಯುಳಿಕೆ ಪ್ರಭೇದಗಳು 12,000ಕ್ಕೂ ಹೆಚ್ಚು. ಇವತ್ತು ಬದುಕಿರೋದು ಸುಮಾರು 400. ಸುಮಾರು 25 ಕೋಟಿ ವರ್ಷದ ಹಿಂದೆ, ಪರ್ಮಿಯನ್ ಕಾಲದ ಕೊನೆಯಲ್ಲಿ ಆದ ಮಹಾನಾಶದಲ್ಲಿ ಇವುಗಳ ಬಹುಪಾಲು ಹೋಯಿತು. ಆಮೇಲೆ ಕಪ್ಪೆಚಿಪ್ಪು, ಏಡಿ, ಮೀನುಗಳ ಕಾಲ. ಹಣತೆಚಿಪ್ಪುಗಳು ಆಳಕ್ಕೆ, ಬಂಡೆ ಸಂದಿಗೆ, ತಣ್ಣನೆ ನೀರಿಗೆ ಸರಿದವು.

ತಣ್ಣಗಿರುವ ಕಡೆ ಯಾಕೆ?

ಅಂಟಾರ್ಕ್ಟಿಕದ ಕರಾವಳಿ ನೀರಿನ ತಾಪಮಾನ ವರ್ಷಪೂರ್ತಿ ಸುಮಾರು ಮೈನಸ್ 1.9ರಿಂದ ಪ್ಲಸ್ 1 ಡಿಗ್ರಿ ಸೆಲ್ಸಿಯಸ್ ಒಳಗೆ. ಉಪ್ಪು ಇರೋದರಿಂದ ಸೊನ್ನೆಯಲ್ಲಿ ಹೆಪ್ಪುಗಟ್ಟಲ್ಲ. ಇಂಥ ನೀರಿನಲ್ಲಿ ಸುಣ್ಣದ ಚಿಪ್ಪು ಕಟ್ಟೋದು ಕಷ್ಟದ ಕೆಲಸ, ಯಾಕಂದ್ರೆ ಕ್ಯಾಲ್ಸಿಯಂ ಕಾರ್ಬೊನೇಟ್ ಬಿಸಿ ನೀರಿಗಿಂತ ತಣ್ಣೀರಿನಲ್ಲಿ ಸುಲಭವಾಗಿ ಕರಗುತ್ತೆ. ಸಕ್ಕರೆಗೆ ತದ್ವಿರುದ್ಧ. ಗೀಸರ್ ಒಳಗೆ ಬಿಳೀ ಪದರ ಕಟ್ಟುವುದರ ಹಿಂದೆಯೂ ಇದೇ ಗುಣ ಇದೆ.

ಹಾಗಿದ್ದೂ ಅಲ್ಲೇ ಯಾಕೆ? ಒಂದು ಕಾರಣ, ಅಲ್ಲಿ ಚಿಪ್ಪು ಒಡೆದು ತಿನ್ನೋ ಏಡಿ, ಶಾರ್ಕ್‌ಗಳು ಇಲ್ಲವೆನ್ನುವಷ್ಟು ಕಡಿಮೆ. ಇನ್ನೊಂದು, ಇವುಗಳ ಖರ್ಚು ಬಹಳ ಕಮ್ಮಿ. ಚಿಪ್ಪಿನ ಗಾತ್ರಕ್ಕೆ ಹೋಲಿಸಿದರೆ ಒಳಗಿರೋ ಮಾಂಸ ಸ್ವಲ್ಪವೇ, ಉಸಿರಾಟಕ್ಕೆ ಬೇಕಾದ ಆಮ್ಲಜನಕವೂ ಸ್ವಲ್ಪವೇ. ಸಾಲದ್ದಕ್ಕೆ ಲಯೋಥಿರೆಲ್ಲಾದ ಮೈಯ ಕೆಲವು ಭಾಗಗಳ ರುಚಿಯೂ ಅಲ್ಲಿನ ಬೇಟೆಗಾರ ಪ್ರಾಣಿಗಳಿಗೆ ಹಿಡಿಸಲ್ಲ. ತಿನ್ನೋಕೆ ಬಂದವರಿಗೆ ಲಾಭವಿಲ್ಲದ ವ್ಯವಹಾರ. ಸಿಗ್ನಿ ದ್ವೀಪ, ಅಂಟಾರ್ಕ್ಟಿಕ ಪರ್ಯಾಯದ್ವೀಪದ ಸುತ್ತ ಇವು ಬಂಡೆಗೋಡೆಗಳ ಮೇಲೆ ಗೊಂಚಲು ಗೊಂಚಲಾಗಿ, ಒಂದರ ಮೇಲೊಂದು ಅಂಟಿಕೊಂಡು ಬೆಳೆಯುತ್ತವೆ.

ಆಳದ ವಿಷಯ ಇನ್ನೂ ಸ್ವಾರಸ್ಯ. ನಮ್ಮ ಕಡೆ ಸಮುದ್ರದಲ್ಲಿ ಮೇಲೆ ಬೆಚ್ಚಗೆ, ಕೆಳಗೆ ತಣ್ಣಗೆ. ಧ್ರುವದಲ್ಲಿ ಮೇಲಿಂದ ಕೆಳಗಿನ ತನಕ ತಣ್ಣಗೇ. ಹಾಗಾಗಿ ಆಳದ ಪ್ರಾಣಿ ಮೇಲೆ ಬರೋಕೂ, ಮೇಲಿನದ್ದು ಕೆಳಗೆ ಇಳಿಯೋಕೂ ಉಷ್ಣತೆಯ ಗೋಡೆ ಇಲ್ಲ. ಅಲ್ಲಿನ ಖಂಡದಂಚೇ ಆಳ, ಸರಾಸರಿ ಸುಮಾರು 500 ಮೀಟರ್. ಬೇರೆ ಕಡೆ ಇದು 150 ಮೀಟರ್ ಒಳಗೆ. ಮೇಲಿನ ಹಿಮದ ಭಾರಕ್ಕೆ ಭೂಮಿಯೇ ಕುಸಿದು ಕೂತಿರೋದು ಇದಕ್ಕೆ ಒಂದು ಕಾರಣ. ವೆಡೆಲ್ ಸಮುದ್ರದಂಥ ಕಡೆ ತಣ್ಣಗಾಗಿ, ಉಪ್ಪು ಹೆಚ್ಚಾಗಿ, ಭಾರವಾದ ನೀರು ಕೆಳಗಿಳಿದು ಮಹಾಸಾಗರಗಳ ತಳದಲ್ಲಿ ಉತ್ತರಕ್ಕೆ ಹರಿಯುತ್ತೆ. ಹೀಗೆ ಧ್ರುವದ ಚಳಿ ಇಡೀ ಪ್ರಪಂಚದ ಆಳಸಮುದ್ರಕ್ಕೆ ಸರಬರಾಜಾಗುತ್ತೆ. ಪೆಲಾಗೋಡಿಸ್ಕಸ್ ಅಟ್ಲಾಂಟಿಕಸ್ ಅನ್ನೋ ಪುಟ್ಟ ಹಣತೆಚಿಪ್ಪು ಹಲವು ಸಾಗರಗಳಲ್ಲಿ, 5,000 ಮೀಟರ್‌ಗೂ ಹೆಚ್ಚಿನ ಆಳದಲ್ಲಿ ಸಿಕ್ಕಿದೆ. ಉತ್ತರ ಧ್ರುವದ ಕಡೆ ಹೆಮಿಥೈರಿಸ್ ಸಿಟೇಸಿಯಾ ಅನ್ನೋ ಇನ್ನೊಂದು ಇದೆ.

ಗೆರೆ ಎಣಿಸಿದರೆ ವಯಸ್ಸು ಗೊತ್ತಾಗುತ್ತಾ?

ಈಗ ನಮ್ಮ ವಾದಕ್ಕೆ ಬೇಕಾದ ಭಾಗ. ಮರದ ಉಂಗುರದ ಹಾಗೆ ಈ ಚಿಪ್ಪಿನ ಮೇಲೂ ಗೆರೆಗಳಿವೆ. ಒಂದು ಗೆರೆಗೆ ಒಂದು ವರ್ಷ ಅಂತ ಎಣಿಸಿದರೆ ಮುಗೀತಲ್ಲ? ನಾವಾಗಿದ್ರೆ ಹಾಗೇ ಎಣಿಸಿ, ಗ್ರಾಫ್ ಹಾಕಿ, ರಿಪೋರ್ಟ್ ಬೈಂಡ್ ಮಾಡಿಸಿ ಕೊಟ್ಟುಬಿಡುತ್ತಿದ್ದೆವು.

ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆಯ ಲಾಯ್ಡ್ ಪೆಕ್ ಮತ್ತು ಜರ್ಮನಿಯ ಥಾಮಸ್ ಬ್ರೇ ಹಾಗೆ ಮಾಡಲಿಲ್ಲ. ಅವರು ಗೆರೆಯನ್ನ ಬೇರೆ ಗಡಿಯಾರದ ಜೊತೆ ಹೋಲಿಸಿ ನೋಡಿದರು. ಆ ಗಡಿಯಾರ ಯಾವುದು ಗೊತ್ತಾ? ಪರಮಾಣು ಬಾಂಬ್. 1950–60ರ ದಶಕದಲ್ಲಿ ದೊಡ್ಡ ದೇಶಗಳು ವಾತಾವರಣದಲ್ಲೇ ಬಾಂಬ್ ಪರೀಕ್ಷೆ ಮಾಡಿದಾಗ ಗಾಳಿಯಲ್ಲಿ ಕಾರ್ಬನ್-14 ಪ್ರಮಾಣ ಒಮ್ಮೆಲೇ ಏರಿತು. ಅದು ಸಮುದ್ರಕ್ಕೆ ಇಳಿಯಿತು, ನೀರಿನಿಂದ ಚಿಪ್ಪಿಗೆ ಸೇರಿತು. ಹಾಗಾಗಿ ಚಿಪ್ಪಿನ ಯಾವ ಭಾಗ ಬಾಂಬ್‌ಗಿಂತ ಮುಂಚಿನದು, ಯಾವುದು ಆಮೇಲಿನದು ಅಂತ ಹೇಳಬಹುದು. ಆ ಕೆಲಸ 1996ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಗೆರೆ ವರ್ಷಕ್ಕೊಂದು ಬೀಳಲ್ಲ, ಪ್ರಾಣಿಯ ನಿಜವಾದ ವಯಸ್ಸು ಗೆರೆಗಳ ಲೆಕ್ಕಕ್ಕಿಂತ ಹೆಚ್ಚು ಅಂತ ತಿಳೀತು. ಮನುಷ್ಯರ ಸುಳಿವೇ ಇಲ್ಲದ ಸಮುದ್ರತಳದ ಒಂದು ಜೀವಿಯ ಮೈಮೇಲೆ ಮನುಷ್ಯರ ಬಾಂಬ್‌ನ ತಾರೀಖು ಬರೆದಿದೆ ಅನ್ನೋದನ್ನ ಓದಿದಾಗ ನಮಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ.

ಇನ್ನೊಂದು ಆಶ್ಚರ್ಯ. ಅಲ್ಲಿ ಪಾಚಿ ಸಮೃದ್ಧವಾಗಿ ಸಿಗೋದು ಬೇಸಿಗೆಯ ಕೆಲವೇ ತಿಂಗಳು. ಚಳಿಗಾಲದಲ್ಲಿ ಸಮುದ್ರದ ಮೇಲೆ ಹಿಮ, ಬೆಳಕು ಕಡಿಮೆ, ಊಟವೂ ಇಲ್ಲ. ಹಾಗಾದ್ರೆ ಬೆಳವಣಿಗೆ ಬೇಸಿಗೆಯಲ್ಲೇ ಆಗಬೇಕು ಅಲ್ವಾ? ಸಿಗ್ನಿ ದ್ವೀಪದಲ್ಲಿ ವರ್ಷಪೂರ್ತಿ ಅಳತೆ ತೆಗೆದಾಗ ಕಂಡದ್ದು ಉಲ್ಟಾ. ಬೇಸಿಗೆಯಲ್ಲಿ ಮೈ ತುಂಬಿಕೊಳ್ಳುತ್ತೆ, ಚಿಪ್ಪಿನ ಉದ್ದ ಹೆಚ್ಚು ಬೆಳೆಯೋದು ಚಳಿಗಾಲದಲ್ಲಿ. ಬೇಸಿಗೆಯಲ್ಲಿ ಮಾತ್ರ ಹಡಗು ತಗೊಂಡು ಹೋಗಿ ಎರಡು ತಿಂಗಳು ಅಳೆದು ಬಂದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಿಮದಲ್ಲಿ ತೂತು ಕೊರೆದು, ಚಳಿಗಾಲದಲ್ಲೂ ನೀರಿಗೆ ಇಳಿದವರಿದ್ದದ್ದರಿಂದ ಗೊತ್ತಾಯಿತು.

ಆತುರದ ಟೆಸ್ಟ್ ಸುಳ್ಳು ಹೇಳುತ್ತೆ

ಮೆಕ್ಯಾನಿಕಲ್, ಸಿವಿಲ್‌ನವರು ಇದನ್ನ ಕೇಳಿ. ಯುಟಿಎಂ ಮೇಲೆ ಕಬ್ಬಿಣದ ಕಂಬಿ ಇಟ್ಟು ಎಳೆದರೆ ಕೆಲವೇ ನಿಮಿಷದಲ್ಲಿ ಅದರ ಬಲ ಗೊತ್ತಾಗುತ್ತೆ. ಆದ್ರೆ ಅದೇ ಕಂಬಿ ಬಾಯ್ಲರ್ ಬಿಸಿಯಲ್ಲಿ ಹತ್ತು ವರ್ಷ ಭಾರ ಹೊತ್ತರೆ ಏನಾಗುತ್ತೆ ಅನ್ನೋದು ಆ ಟೆಸ್ಟ್‌ನಿಂದ ಗೊತ್ತಾಗಲ್ಲ. ಅದಕ್ಕೇ ಕ್ರೀಪ್ ಟೆಸ್ಟ್ ಇರೋದು, ಅದು ಸಾವಿರಾರು ಗಂಟೆ ನಡೆಯೋದು. ಹಾಸ್ಟೆಲ್ ರೂಮಿನ ಹಲಗೆ ಪುಸ್ತಕ ಇಟ್ಟ ದಿನ ನೆಟ್ಟಗಿತ್ತು, ಈಗ ನೋಡಿ, ಬಾಳೆಹಣ್ಣಿನ ಹಾಗೆ ಬಾಗಿದೆ.

ಅಂಟಾರ್ಕ್ಟಿಕದ ಪ್ರಾಣಿಗಳದ್ದೂ ಇದೇ ಕಥೆ. ತೊಟ್ಟಿಯ ನೀರನ್ನ ದಿನಕ್ಕೆ ಒಂದು ಡಿಗ್ರಿಯಂತೆ ಬಿಸಿ ಮಾಡಿದರೆ ಅವು ಸಾಕಷ್ಟು ತಡೆದುಕೊಳ್ಳುತ್ತವೆ. ತಿಂಗಳಿಗೆ ಒಂದು ಡಿಗ್ರಿಯಂತೆ ಏರಿಸಿದರೆ, ಅದಕ್ಕಿಂತ ಎಷ್ಟೋ ಕಡಿಮೆ ತಾಪದಲ್ಲೇ ಸಾಯುತ್ತವೆ. ನಿಧಾನಕ್ಕೆ ಏರಿಸಿದರೆ ಹೊಂದಿಕೊಳ್ಳೋಕೆ ಸಮಯ ಸಿಗುತ್ತೆ, ಹಾಗಾಗಿ ಹೆಚ್ಚು ತಡೆಯಬೇಕು ಅಂತ ನಾವು ಅಂದುಕೊಂಡಿದ್ದೆವು. ಆದ್ರೆ ಇವುಗಳಿಗೆ ಹೊಂದಿಕೊಳ್ಳುವ ಶಕ್ತಿಯೇ ಕಮ್ಮಿ. ಹೊಂದಿಕೊಂಡರೂ ಅದಕ್ಕೆ ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ಹಾನಿ ಸ್ವಲ್ಪ ಸ್ವಲ್ಪವೇ ಸೇರುತ್ತಾ ಹೋಗುತ್ತೆ. ಲಯೋಥಿರೆಲ್ಲಾಗೆ 4–5 ಡಿಗ್ರಿಯಲ್ಲೇ ಬಹಳ ದಿನ ಬದುಕೋಕೆ ಆಗಲ್ಲ. ಒಂದು ವಾರದ ಟೆಸ್ಟ್ ಮಾಡಿ "ಪರವಾಗಿಲ್ಲ, ಇನ್ನೂ ಬಿಸಿ ತಡೆಯುತ್ತೆ" ಅಂತ ಬರೆದಿದ್ದರೆ, ಆ ಮಾತು ಲ್ಯಾಬ್‌ನಲ್ಲಿ ನಿಜ, ಸಮುದ್ರದಲ್ಲಿ ಸುಳ್ಳು.

ಇಲ್ಲಿ ಒಂದು ಎಚ್ಚರಿಕೆ. 'ನಿಧಾನವೇ ಪ್ರಧಾನ' ಅಂತ ಹಾಡೋಕೆ ನಾವು ಈ ಪ್ರಾಣಿಯನ್ನ ಕರೆತಂದಿಲ್ಲ. ನಿಧಾನಕ್ಕೆ ಬೆಲೆ ಇದೆ. ಒಂದು ಹಿಮಗಡ್ಡೆ ತೇಲಿಬಂದು ಸಮುದ್ರತಳವನ್ನ ಉತ್ತಿಹೋದರೆ ಐವತ್ತು ವರ್ಷದ ಬೆಳೆ ಒಂದು ಮಧ್ಯಾಹ್ನಕ್ಕೆ ಹೋಗುತ್ತೆ. ಮತ್ತೆ ಅಷ್ಟಾಗೋಕೆ ಮತ್ತೆ ಐವತ್ತು ವರ್ಷ. ಸುತ್ತಲಿನ ಬದಲಾವಣೆ ತನ್ನ ವೇಗಕ್ಕಿಂತ ಜೋರಾದರೆ ನಿಧಾನದ ಜೀವಿಗೆ ದಾರಿಯೇ ಇಲ್ಲ.

ಹಾಗಂತ ಬರೀ ಕೆಟ್ಟ ಸುದ್ದಿಯೂ ಅಲ್ಲ. ಎಮ್ಮಾ ಕ್ರಾಸ್ ಮತ್ತು ಜೊತೆಗಾರರು ಇದೇ ಲಯೋಥಿರೆಲ್ಲಾವನ್ನ ಏಳು ತಿಂಗಳು ಹೆಚ್ಚು ಆಮ್ಲದ ನೀರಿನಲ್ಲಿಟ್ಟು ನೋಡಿದರು. ಚಿಪ್ಪು ಬೆಳೆಯೋದು, ಒಡೆದದ್ದನ್ನ ರಿಪೇರಿ ಮಾಡಿಕೊಳ್ಳೋದು ನಿಲ್ಲಲಿಲ್ಲ. ಹೊರಗೆ ಕರಗಿದ್ದಕ್ಕೆ ಒಳಗಿಂದ ದಪ್ಪ ಮಾಡಿಕೊಳ್ಳುತ್ತೆ ಅಂತ ಆಮೇಲೆ ತಿಳೀತು. ಅದೇ ತಂಡ ನ್ಯೂಜಿಲೆಂಡಿನ ಇನ್ನೊಂದು ಹಣತೆಚಿಪ್ಪಿನ, 1900ರಿಂದ 2014ರವರೆಗೆ ಮ್ಯೂಸಿಯಂಗಳಲ್ಲಿ ಉಳಿದಿದ್ದ ಮಾದರಿಗಳನ್ನ ಪರೀಕ್ಷಿಸಿತು. ಆ ಕಾಲದಲ್ಲಿ ನೀರು ಬೆಚ್ಚಗಾಗಿದ್ದರೂ ಚಿಪ್ಪಿನ ಸಾಂದ್ರತೆ ಕಡಿಮೆಯಾಗಿರಲಿಲ್ಲ, 3%ಕ್ಕಿಂತ ಸ್ವಲ್ಪ ಹೆಚ್ಚಾಗಿತ್ತು. 1900ರಲ್ಲಿ ಆ ಚಿಪ್ಪನ್ನ ಹೆಕ್ಕಿ ಚೀಟಿ ಅಂಟಿಸಿ ಡಬ್ಬಿಯಲ್ಲಿಟ್ಟವರಿಗೆ ಸಮುದ್ರದ ಆಮ್ಲತೆ ಬಗ್ಗೆ ಏನೂ ಗೊತ್ತಿರಲಿಲ್ಲ. ಅವರು ಜಾಗ, ತಾರೀಖು ಸರಿಯಾಗಿ ಬರೆದಿಟ್ಟರು, ಅಷ್ಟೇ. ಪ್ರಶ್ನೆ ಹುಟ್ಟುವ ಮುಂಚೆಯೇ ಉತ್ತರದ ಅರ್ಧ ಭಾಗ ಕಪಾಟಿನಲ್ಲಿತ್ತು.

ನಮ್ಮ ಕಪಾಟಿನಲ್ಲಿ ಏನಿದೆ?

ಈಗ ನಮ್ಮ ಕ್ಯಾಂಪಸ್‌ಗೆ ಬನ್ನಿ. ಹಿಂದಿನ ಗೇಟ್ ಪಕ್ಕದ ಕೆರೆಯಲ್ಲಿ ಸೀನಿಯರ್ಸ್ ಒಂದು ಪ್ರಾಜೆಕ್ಟ್ ಮಾಡಿದ್ದರು: ನೀರಿನ ತಾಪಮಾನ, ಪಿಎಚ್, ಕಲಕು ಇವನ್ನ ಸೆನ್ಸರ್‌ನಲ್ಲಿ ಅಳೆದು ಫೋನ್‌ಗೆ ಕಳಿಸೋದು. ಚೆನ್ನಾಗೇ ಮಾಡಿದ್ದರು. ಹನ್ನೊಂದು ವಾರ ಅಳೆದರು, ಡೆಮೊ ಕೊಟ್ಟರು, ಒಳ್ಳೆ ಮಾರ್ಕ್ಸ್ ಬಂತು. ಮಾರನೇ ವಾರ ಬೋರ್ಡ್ ಬಿಚ್ಚಿ ಲ್ಯಾಬ್‌ಗೆ ವಾಪಸ್ ಕೊಟ್ಟರು, ಇನ್ನೊಂದು ತಂಡಕ್ಕೆ ಬೇಕಿತ್ತು. ಡೇಟಾ ಒಬ್ಬ ಅಣ್ಣನ ಕಾಲೇಜ್ ಅಕೌಂಟ್‌ನಲ್ಲಿತ್ತು. ಅವರು ಪಾಸಾಗಿ ಹೋದ ಮೇಲೆ ಅಕೌಂಟ್ ಮುಚ್ಚಿತು. ಈ ವರ್ಷ ನಾವು ಕೇಳಿದಾಗ ಸಿಕ್ಕಿದ್ದು ಒಂದು ಪಿಡಿಎಫ್, ಅದರಲ್ಲಿ ಒಂದು ಮಸುಕು ಗ್ರಾಫ್. ಈ ಬೇಸಿಗೆಯಲ್ಲಿ ಕೆರೆ ಹಸಿರಾಗಿ ವಾಸನೆ ಬಂದಾಗ "ಹೋದ ವರ್ಷಕ್ಕಿಂತ ಜಾಸ್ತಿನಾ?" ಅಂತ ಕೇಳಿದರೆ ಹೇಳೋಕೆ ಒಂದು ಅಂಕಿಯೂ ಇರಲಿಲ್ಲ.

ತಪ್ಪು ಆ ಅಣ್ಣಂದಿರದ್ದಲ್ಲ. ಡೆಮೊಗೆ ಮಾರ್ಕ್ಸ್ ಇತ್ತು, ಹಸ್ತಾಂತರಕ್ಕೆ ಇರಲಿಲ್ಲ.

"ದಿನಾ ಅಳೆಯೋದು ಕ್ಲರ್ಕ್ ಕೆಲಸ, ಅದರಲ್ಲಿ ಎಂಜಿನಿಯರಿಂಗ್ ಎಲ್ಲಿದೆ?" ಅಂತ ನಮ್ಮ ಗೆಳೆಯರೇ ಕೇಳಿದರು. ನಮ್ಮ ಉತ್ತರ: ಅಲ್ಲೇ ಇರೋದು. ಕೈಗಾರಿಕಾ ಕ್ರಾಂತಿಯಿಂದ ಇಲ್ಲಿವರೆಗೆ ಸಮುದ್ರದ ಮೇಲ್ಮೈ ಪಿಎಚ್ ಇಳಿದಿರೋದು ಸುಮಾರು 0.1, ಅಂದ್ರೆ 8.2ರಿಂದ 8.1ಕ್ಕೆ. ನಾವು ಆನ್‌ಲೈನ್‌ನಲ್ಲಿ ತರಿಸೋ ಅಗ್ಗದ ಪಿಎಚ್ ಪ್ರೋಬ್ ಬಫರ್‌ಗೆ ಅದ್ದಿ ಸರಿಮಾಡದೇ ಬಿಟ್ಟರೆ ತಾನೇ ಅಷ್ಟು ಜಾರುತ್ತೆ. ಅಂದ್ರೆ ಇನ್ನೂರು ವರ್ಷದ ಬದಲಾವಣೆ ನಮ್ಮ ಪ್ರೋಬ್‌ನ ಸೋಮಾರಿತನದಷ್ಟು. ಹತ್ತು ನಿಮಿಷ ಕೆಲಸ ಮಾಡೋ ಸೆನ್ಸರ್ ಕಟ್ಟೋದು ಸುಲಭ. ಹತ್ತು ವರ್ಷ ನಂಬಬಹುದಾದ ಅಳತೆ ಕೊಡೋದು ಕಷ್ಟ: ಪಾಚಿ ಕಟ್ಟುತ್ತೆ, ಕನೆಕ್ಟರ್ ತುಕ್ಕು ಹಿಡಿಯುತ್ತೆ, ಬ್ಯಾಟರಿ ಹೋಗುತ್ತೆ, ಅಳೆಯೋ ಮನುಷ್ಯರೂ ಬದಲಾಗ್ತಾರೆ. ಇದಕ್ಕಿಂತ ಎಂಜಿನಿಯರಿಂಗ್ ಬೇರೆ ಏನು ಬೇಕು?

"ಉಪಯೋಗ ಏನು?" ಅನ್ನೋದು ಎರಡನೇ ಪ್ರಶ್ನೆ. ಅದಕ್ಕೂ ಅಂಟಾರ್ಕ್ಟಿಕದಲ್ಲೇ ಉತ್ತರ ಇದೆ. ಅಲ್ಲಿನ ಹ್ಯಾಲಿ ಠಾಣೆಯಲ್ಲಿ 1950ರ ದಶಕದಿಂದ ಒಂದು ಹಳೇ ಮಾದರಿಯ ಉಪಕರಣದಿಂದ ಓಝೋನ್ ಅಳೆಯುತ್ತಿದ್ದರು. ವರ್ಷಗಟ್ಟಲೆ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ. 1985ರಲ್ಲಿ ಅದೇ ದಾಖಲೆ ಹಿಡಿದು ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಓಝೋನ್ ರಂಧ್ರದ ಸುದ್ದಿ ಜಗತ್ತಿಗೆ ಹೇಳಿದರು. ಎರಡು ವರ್ಷದಲ್ಲಿ ಮಾಂಟ್ರಿಯಲ್ ಒಪ್ಪಂದ ಆಯಿತು. ಹಳೇ ಅಂಕಿಗಳು ಇರದಿದ್ದರೆ 'ಕಡಿಮೆಯಾಗಿದೆ' ಅನ್ನೋ ಪದಕ್ಕೇ ಅರ್ಥ ಇರುತ್ತಿರಲಿಲ್ಲ. ಅಲ್ಲಿನ ರಾಥೆರಾ ಠಾಣೆಯಲ್ಲಿ 1997ರಿಂದ ಸಮುದ್ರದ ನೀರನ್ನ ಬೇಸಿಗೆ, ಚಳಿಗಾಲ ಎನ್ನದೆ ಅಳೆಯುತ್ತಾ ಬಂದಿದ್ದಾರೆ. 2001ರಲ್ಲಿ ಅಲ್ಲಿನ ಪ್ರಯೋಗಾಲಯ ಬೆಂಕಿಗೆ ಸುಟ್ಟುಹೋಯಿತು. ಮತ್ತೆ ಕಟ್ಟಿ ಮುಂದುವರಿಸಿದರು. ನಮ್ಮ ದೇಶದ ಮೈತ್ರಿ ಠಾಣೆ 1989ರಿಂದ, ಭಾರತಿ 2012ರಿಂದ ಅದೇ ಖಂಡದಲ್ಲಿವೆ. ನಮ್ಮಲ್ಲಿ ಕೆಲವರು ಮುಂದೆ ಅಲ್ಲಿಗೆ ಉಪಕರಣ ಕಟ್ಟಿಕೊಡುವವರಾಗಬಹುದು. ಕೆರೆಯಲ್ಲಿ ಒಂದು ವರ್ಷ ತಾಳದ ಉಪಕರಣ ಅಲ್ಲಿ ತಾಳುತ್ತಾ?

ಪ್ಲೇಸ್‌ಮೆಂಟ್‌ಗೆ ಇದರಿಂದ ಲಾಭ ಆಗುತ್ತೆ ಅಂತ ನಾವು ಸುಳ್ಳು ಹೇಳಲ್ಲ. ರೆಸ್ಯೂಮೆಯಲ್ಲಿ ಒಂದು ಸಾಲು ಬರಬಹುದು, ಅಷ್ಟೇ. ಆದ್ರೆ ಖರ್ಚೂ ಹೆಚ್ಚಿಲ್ಲ. ಅರವತ್ತು ಜನರ ಒಂದು ಕ್ಲಾಸ್, ವಾರಕ್ಕೆ ಇಬ್ಬರ ಸರದಿ ಅಂದ್ರೆ ವರ್ಷಕ್ಕೆ 104 ಸರದಿ. ಒಬ್ಬೊಬ್ಬರಿಗೆ ವರ್ಷದಲ್ಲಿ ಎರಡು ಸಲವೂ ಬರಲ್ಲ. ಒಂದು ಸಲಕ್ಕೆ ಒಂದು ಗಂಟೆ. ಕ್ಯಾಂಟೀನ್‌ನಲ್ಲಿ ಮಸಾಲೆದೋಸೆಗೆ ಕಾಯೋ ಹೊತ್ತು ಅದಕ್ಕಿಂತ ಜಾಸ್ತಿ.

ಹಾಗಾಗಿ ನಮ್ಮ ಕೋರಿಕೆ ಮೂರು. ಒಂದು, ಪ್ರತಿ ವಿಭಾಗದಲ್ಲೂ ಬ್ಯಾಚ್‌ನಿಂದ ಬ್ಯಾಚ್‌ಗೆ ಸಾಗುವ ಒಂದೇ ಒಂದು ದೀರ್ಘ ಪ್ರಾಜೆಕ್ಟ್ ಇರಲಿ. ಎರಡು, ಪ್ರಾಜೆಕ್ಟ್ ಮಾರ್ಕ್ಸ್‌ನಲ್ಲಿ ಸ್ವಲ್ಪ ಪಾಲು ಹಸ್ತಾಂತರಕ್ಕೆ ಇರಲಿ: ಮುಂದಿನವರು ನಮ್ಮನ್ನ ಕೇಳದೇ ಕೆಲಸ ಮುಂದುವರಿಸೋಕೆ ಆಗುತ್ತಾ ಅನ್ನೋದೇ ಪರೀಕ್ಷೆ. ಮೂರು, ಕಚ್ಚಾ ಡೇಟಾ ವ್ಯಕ್ತಿಯ ಅಕೌಂಟ್‌ನಲ್ಲಿ ಇರಬಾರದು, ಲೈಬ್ರರಿಯಲ್ಲಿ ಇರಬೇಕು. ಜೊತೆಗೆ ಒಂದು ಕಾಗದದ ಪುಸ್ತಕವೂ ಇರಲಿ, ಕನ್ನಡದಲ್ಲಿ. "ಇವತ್ತು ಪ್ರೋಬ್‌ಗೆ ಪಾಚಿ ಹತ್ತಿತ್ತು, ಒರೆಸಿದೆವು" ಅಂತ ಬರೆಯೋಕೆ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೂ ಬರುತ್ತೆ.

ಇವರೆಲ್ಲ ಒಪ್ಪೋ ತನಕ ಕಾಯೋದು ಬೇಡ ಅಂತ ನಾವು ಆರು ಜನ ಶುರು ಮಾಡ್ತಿದ್ದೀವಿ. ಸೆನ್ಸರ್ ಇನ್ನೂ ಇಲ್ಲ. ಒಂದು ಥರ್ಮಾಮೀಟರ್, ಒಂದು ಪಿಎಚ್ ಮೀಟರ್, ಮೂರು ಬಫರ್ ಬಾಟಲಿ ಇದೆ. ಈ ವರ್ಷ ಸಿಗ್ನಿಯ ಬಂಡೆಗೆ ಅಂಟಿಕೊಂಡ ಒಂದು ಹಣತೆಚಿಪ್ಪು ಪೂರ್ತಿ ಬೆಳೆಯೋ ಹೊತ್ತಿಗೆ ನಮಗೆ ಎಪ್ಪತ್ತು ಹತ್ತಿರ ಆಗಿರುತ್ತೆ. ನಮ್ಮ ಪುಸ್ತಕ ಅಷ್ಟು ವರ್ಷ ನಡೆಯಬೇಕು ಅಂತ ಆಸೆ ಇಲ್ಲ. ನಾವು ಪಾಸಾದ ಮಾರನೇ ಶನಿವಾರವೂ ಅದರಲ್ಲಿ ಒಂದು ಅಂಕಿ ಬಿದ್ದರೆ ಸಾಕು.

ಶನಿವಾರ ಬೆಳಗ್ಗೆ ಏಳೂವರೆ, ಹಿಂದಿನ ಗೇಟ್. ಪುಸ್ತಕ ನಾವು ತರ್ತೀವಿ, ಪೆನ್ನು ನೀವು ತನ್ನಿ.